ಗೋಡೆಯ ಮೇಲೆ ಹನ್ನೆರಡು ಗುದ್ದು

ನಡುಗೋಡೆಯ ಮೇಲೆ ಡುಬ್ ಡುಬ್ ಎಂದು ಏಳು ಗುದ್ದು ಬಿದ್ದು ಸದ್ದು ನಿಂತಿತು. ಎಂಟನೇ ತರಗತಿಯ ಕಪ್ಪುಹಲಗೆಯ ಮುಂದಿದ್ದ ಲೆಕ್ಕದಮ್ಮ, ಬರೆಯುತ್ತಿದ್ದ ಸಾಲನ್ನು ಬಿಡದೆಯೇ, ಎಡಗೈಯ ಡಸ್ಟರಿನಿಂದ ಗೋಡೆಗೆ ಒಂದು ಸಲ ಬಡಿದರು. ಒಂದು ಅಂದರೆ ಸರಿ. ಎರಡು ಅಂದರೆ ಇನ್ನೊಮ್ಮೆ ಮಾಡಿ. ಗೋಡೆಯಾಚೆ ಏಳನೇ ತರಗತಿ ಹೋ ಎಂದು ಕೂಗಿತು.

ಎರಡು ಕೋಣೆಗೂ ಒಬ್ಬರೇ ಗಣಿತದ ಟೀಚರ್ ಆದಾಗ ಹುಟ್ಟಿದ ಏರ್ಪಾಡು ಇದು. ಉತ್ತರ ಎಷ್ಟೋ ಅಷ್ಟು ಗುದ್ದು. ಅರ್ಧ ಬಂದರೆ ಉಗುರಿನಿಂದ ಒಂದು ಗೀರು. ಒಮ್ಮೆ ಕಾಲು ಗಂಟೆ ಕಾದರೂ ಸದ್ದಿಲ್ಲ. ಲೆಕ್ಕದಮ್ಮ ಕೋಪ ನೆತ್ತಿಗೇರಿ ಏಳನೇ ತರಗತಿಯ ಬಾಗಿಲಲ್ಲಿ ಹೋಗಿ ನಿಂತರು. "ಏನ್ರೋ, ಕೈ ಎಲ್ಲಾ ಮನೇಲಿ ಬಿಟ್ಟು ಬಂದಿದ್ದೀರಾ?"

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ಉತ್ತರ ಸೊನ್ನೆ. ಆಗಲೇ ಹೇಳಿದ್ವಲ್ಲ!"

ಈ ಕಥೆಯನ್ನು ಅವರು ಸಿಕ್ಕವರಿಗೆಲ್ಲ ಹೇಳಿ, ಪ್ರತಿ ಸಲವೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ನಿವೃತ್ತಿಯ ದಿನ ಶಾಲೆ ಒಂದು ಕೈಗಡಿಯಾರ ಕೊಟ್ಟು ಕಳಿಸಿತ್ತು. ಹೊಸಬರು ಬರುವವರೆಗೆ ಒಂದು ತಿಂಗಳು ಬರುತ್ತೇನೆ ಎಂದಿದ್ದರು. ನಾಲ್ಕು ವರ್ಷವಾಯಿತು. ಗಡಿಯಾರದ ಪಟ್ಟಿ ಎರಡು ಸಲ ಬದಲಾಯಿತು, ಅವರ ಕುರ್ಚಿಗೆ ಯಾರೂ ಬರಲಿಲ್ಲ. ಸಂಜೆ ಅವರ ಮಂಡಿಗೆ ಎಣ್ಣೆ ತಿಕ್ಕುತ್ತ ಗಂಡ ಕೇಳುತ್ತಿದ್ದರು: "ರಿಟೈರ್ ಆಗಿದ್ದು ನೀನೋ ನಾನೋ? ಅಡುಗೆ ಕಲಿತಿದ್ದು ಮಾತ್ರ ನಾನು." ಮುಂದಿನ ತಿಂಗಳು ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಆ ಎರಡು ಕೋಣೆಗಳ ಗತಿಯೇನು ಎಂಬುದೊಂದೇ ಅವರ ಚಿಂತೆ.

ಹೀಗಿರುವಾಗ ಹೆಡ್‌ಮೇಡಂ ಶಿಕ್ಷಣ ಕಚೇರಿಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಬಂದರು. ಅವರು ಲೆಕ್ಕದಮ್ಮನ ಹಳೆಯ ವಿದ್ಯಾರ್ಥಿನಿ.

"ಟೀಚರ್, ತಪ್ಪು ತಿಳ್ಕೋಬೇಡಿ. ನಮಗೆ ಯಾರೂ ಬರದೆ ಇರೋದಕ್ಕೆ ಕಾರಣ ನೀವೇ."

"ನಾನಾ?"

"ಪಟ್ಟೀಲಿ ನಮ್ಮ ಹುದ್ದೆ ಖಾಲಿ ಅಂತಾನೇ ಇದೆ. ಆದ್ರೆ ಪಕ್ಕದಲ್ಲೇ ಗಣಿತದ ಒಳ್ಳೆ ರಿಸಲ್ಟೂ ಇದೆಯಲ್ಲ. ಇವರಿಗೇನು ಅರ್ಜೆಂಟು ಅಂತ ಪ್ರತಿ ವರ್ಷ ಕೆಳಗೆ ತಳ್ತಾರೆ. ಈ ಸಲ ಬಂದಿರೋದು ಒಬ್ಬರೇ ಮೇಷ್ಟ್ರು, ಕೇಳ್ತಿರೋದು ಮೂರು ಶಾಲೆ. ನಾಳೆ ಕಚೇರಿ ಸಾಹೇಬರು ನೋಡೋಕೆ ಬರ್ತಾರೆ. ನಾಳೆ ನೀವು ಕ್ಲಾಸೊಳಗೆ ಹೋಗಬೇಡಿ."

"ಈ ವಯಸ್ಸಲ್ಲಿ ನಾಟಕ ಆಡ್ಲಾ?"

"ಖಾಲಿ ಜಾಗ ತುಂಬಿದೆ ಅಂತ ನಾಲ್ಕು ವರ್ಷದಿಂದ ಆಡ್ತಿರೋದೇ ನಾಟಕ, ಟೀಚರ್."

ಲೆಕ್ಕದಮ್ಮ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಎರಡೂ ಹಲಗೆಗಳ ಮೇಲೆ ಒಂದೊಂದು ಲೆಕ್ಕ ಬರೆದಿಟ್ಟು, ವರಾಂಡದ ಬೆಂಚಿನ ಮೇಲೆ ಬಂದು ಕೂತರು. ಸೀಮೆಸುಣ್ಣವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕಂಕುಳಲ್ಲಿ ಫೈಲು ಇಟ್ಟುಕೊಂಡ ಸಾಹೇಬರು ಎರಡೂ ಕೋಣೆ ಇಣುಕಿ ಹೊರಗೆ ಬಂದರು.

"ಓ, ಲೆಕ್ಕದಮ್ಮ ಅಂದ್ರೆ ನೀವೇನಾ? ಇವತ್ತೇನು ಹೊರಗೆ?"

"ನಾನು ರಿಟೈರ್ ಆಗಿದ್ದೀನಿ ಸರ್. ಮುಂದಿನ ತಿಂಗಳಿಂದ ಬರೋಕೂ ಆಗಲ್ಲ."

"ಹಾಗಂತ ಹೋದ ವರ್ಷಾನೂ ಕಾಗದ ಬರೆದಿದ್ರಿ. ಮತ್ತೆ ಬಂದ್ರಿ." ಅವರ ದನಿಯಲ್ಲಿ ಕೊಂಕಿರಲಿಲ್ಲ, ದಣಿವಿತ್ತು. "ನನ್ನ ಕಷ್ಟಾನೂ ಕೇಳಿ ಮೇಡಂ. ಉಳಿದ ಎರಡು ಶಾಲೇಲಿ ಲೆಕ್ಕ ಹೇಳಿಕೊಡೋಕೆ ಒಬ್ಬರೂ ಇಲ್ಲ. ಇಲ್ಲಿ ನೀವಾದ್ರೂ ಇದ್ದೀರಿ."

ಆ ಮಾತು ನಾಟಿತು. ಆ ಎರಡು ಶಾಲೆಗಳ ಮಕ್ಕಳನ್ನು ಲೆಕ್ಕದಮ್ಮ ಕಂಡಿರಲಿಲ್ಲ. ಆದರೂ ಯಾವುದೋ ಗೋಡೆಯ ಹಿಂದೆ ಆ ಮಕ್ಕಳು ಕಾಯುತ್ತಿರುವುದು ಕಂಡಂತಾಯಿತು.

ಅಷ್ಟರಲ್ಲಿ ಏಳನೇ ತರಗತಿಯಿಂದ ಗುದ್ದು ಶುರುವಾಯಿತು. ಹತ್ತು, ಹನ್ನೊಂದು, ಹನ್ನೆರಡು. ನಿಂತಿತು. ಲೆಕ್ಕದಮ್ಮನ ಮುಷ್ಟಿ ತಾನಾಗಿಯೇ ಬಿಗಿಯಿತು. ಕಂಬದ ಬಳಿಯಿದ್ದ ಹೆಡ್‌ಮೇಡಂ ಅವರನ್ನೇ ನೋಡುತ್ತಿದ್ದರು. ಲೆಕ್ಕದಮ್ಮ ಮುಷ್ಟಿಯನ್ನು ಮಡಿಲಲ್ಲಿ ಒತ್ತಿ ಹಿಡಿದರು.

"ಅದೇನು ಸದ್ದು?"

"ಟೀಚರ್ ಇಲ್ಲದ ಕ್ಲಾಸು ಸರ್. ಉತ್ತರ ಹೇಳ್ತಿದೆ. ತಪ್ಪು ಉತ್ತರ."

"ತಪ್ಪು ಹೇಗೆ?"

"ಐವತ್ತು ಮಕ್ಕಳು, ಬೆಂಚಿಗೆ ನಾಲ್ಕು ಜನ, ಎಷ್ಟು ಬೆಂಚು ಬೇಕು ಅಂತ ಕೇಳಿದ್ದೆ. ಹನ್ನೆರಡು ಅಂತಿದ್ದಾರೆ. ಇಬ್ಬರು ಮಕ್ಕಳು ನಿಂತೇ ಇದ್ದಾರೆ ಸರ್."

ಸಾಹೇಬರು ಬೆರಳು ಮಡಚಿ ಎಣಿಸಿ ತಲೆದೂಗಿದರು. ಒಳಗಿನಿಂದ ಮತ್ತೆ ಹನ್ನೆರಡು ಗುದ್ದು, ಈ ಸಲ ಜೋರಾಗಿ, ಕೇಳಿಸಲಿಲ್ಲವೇ ಎನ್ನುವಂತೆ.

"ಪಾಪ, ಒಂದು ನಿಮಿಷ ಹೋಗಿ ಹೇಳಿಬಿಡಿ ಮೇಡಂ. ನಾನೇನೂ ಬರ್ಕೊಳ್ಳಲ್ಲ," ಎಂದು ಅವರು ಬಾಗಿಲ ದಾರಿ ಬಿಟ್ಟು ನಿಂತರು. "ನೋಡಿ, ನೀವು ವಾರಕ್ಕೆ ಮೂರು ದಿನ ಬಂದ್ರೂ ಸಾಕು, ನಾನು ಆ ಮೇಷ್ಟ್ರನ್ನ ಬೇರೆ ಶಾಲೆಗೆ..."

ಲೆಕ್ಕದಮ್ಮ ಬೆಂಚಿನ ತುದಿ ಹಿಡಿದು ಎದ್ದರು. ತೆರೆದ ಬಾಗಿಲನ್ನೊಮ್ಮೆ ನೋಡಿ, ಚೀಲವನ್ನು ಹೆಗಲಿಗೇರಿಸಿ, ಒಂದೊಂದೇ ಮೆಟ್ಟಿಲಿಳಿದು ಗೇಟಿನ ಕಡೆ ನಡೆದರು. ಸಾಹೇಬರು ಇನ್ನೂ ಮಾತಾಡುತ್ತಿದ್ದರು.