ಪಾನಕಕ್ಕೆ ರಮ್ ಬಿದ್ದ ದಿನ

ಪಕ್ಕದ ಎಸ್ಟೇಟಿನ ದೊರೆಸಾನಿ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ನನಗೆ ಒಂದು ಕಟ್ಟು ಹಳೆಯ ಮ್ಯಾಗಜೀನ್ ಕೊಟ್ಟುಹೋದಳು. ಅದರಲ್ಲೊಂದು ಬಣ್ಣದ ಪುಟ. ಉದ್ದ ಗ್ಲಾಸು, ಅದರಲ್ಲಿ ಕಿತ್ತಳೆ ಸಿಪ್ಪೆಯ ಬಣ್ಣದ ಡ್ರಿಂಕ್, ಅಂಚಿಗೆ ಸಿಕ್ಕಿಸಿದ ಅನಾನಸ್ ಹೋಳು, ಹಿಂದೆ ಮರದಲ್ಲಿ ಕೆತ್ತಿದ, ಹಲ್ಲು ಕಿರಿದ ಯಾವುದೋ ದ್ವೀಪದ ದೇವರು. ಕೆಳಗೆ ಸಣ್ಣ ಅಕ್ಷರದಲ್ಲಿ ರೆಸಿಪಿ. ಟಿಕಿ ಕಾಕ್‌ಟೇಲ್ ಅಂತ ಹೆಸರು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು, ನನಗೆ ಹತ್ತೊಂಬತ್ತು. ಮಡಿಕೇರಿಯ ಕಾನ್ವೆಂಟ್ ಮುಗಿಸಿ ಮಾದಾಪುರದ ಆಚೆಯ ನಮ್ಮ ಮನೆಗೆ ಬಂದು ಕೂತಿದ್ದೆ. ಸಿಸ್ಟರುಗಳು ಕಲಿಸಿದ ಕ್ರೋಷೆ, ಪಿಯಾನೋದ ಅರ್ಧ ಪಾಠ, ಟೇಬಲ್ ಮ್ಯಾನರ್ಸ್ ಯಾವುದೂ ಕಾಫಿ ಕಣದಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಈ ಡ್ರಿಂಕ್ ಮಾಡಿಯೇ ತೀರಬೇಕು ಎಂದು ಹಟ ಹುಟ್ಟಿತು.

ರಮ್‌ಗೇನೂ ಬರವಿರಲಿಲ್ಲ. ಮಿಲಿಟರಿಯಲ್ಲಿದ್ದ ಅಣ್ಣ ರಜೆಗೆ ಬರುವಾಗ ಟ್ರಂಕಿನಲ್ಲಿ ಬಟ್ಟೆಗಿಂತ ಬಾಟಲಿಯೇ ಹೆಚ್ಚು ತಂದಿದ್ದ. ಆದರೆ ಆ ಸಲ ಅವನ ಮುಖದಲ್ಲಿ ನಗು ಇರಲಿಲ್ಲ. ಮೂರು ತಿಂಗಳ ಹಿಂದೆ ಸಣ್ಣ ರಜೆಯಲ್ಲಿ ಬಂದಾಗ ಅವನು ತಾನೇ ಮೆಚ್ಚಿ ಮದುವೆಯಾಗಿದ್ದ. ನಮ್ಮದು ಅರೆಭಾಷೆ ಆಡುವ ಮನೆ. ಅತ್ತಿಗೆ ಕುಶಾಲನಗರದ ಹತ್ತಿರದವಳು, ಹಾಸನದ ಕಡೆಯಿಂದ ಬಂದು ನೆಲೆಸಿದ ರೈತರ ಮಗಳು. ಹಂದಿ, ಹೆಂಡ ಎರಡೂ ಹೊಸ್ತಿಲು ದಾಟದ ಮನೆ ಅವರದು. ನಮ್ಮಜ್ಜಿ ಈ ಮದುವೆಗೆ ಬೈಯಲಿಲ್ಲ, ಅಳಲಿಲ್ಲ. ಅತ್ತಿಗೆಯ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಳು, ಅಷ್ಟೆ. ಅತ್ತಿಗೆ ಕಾಫಿ ತಂದಿಟ್ಟರೆ ಅದು ಅಲ್ಲೇ ಆರುತ್ತಿತ್ತು. ಅನ್ನ ಬಡಿಸಲು ಬಂದರೆ ಅಜ್ಜಿಗೆ ಹಸಿವೇ ಇರುತ್ತಿರಲಿಲ್ಲ. ಒಂದು ದಿನವೂ ಮಾತಾಡಿಸಿದವಳಲ್ಲ. ರಜೆ ಮುಗಿದು ಅಣ್ಣ ಬಸ್ಸು ಹತ್ತಿದರೆ ಇನ್ನೊಂದು ವರ್ಷ ಬರುವಂತಿರಲಿಲ್ಲ. ಅಷ್ಟು ದಿನ ಅವಳು ಈ ಮನೆಯಲ್ಲಿ ಹೇಗಿರುತ್ತಾಳೆ ಎನ್ನುವುದೇ ಅವನ ಚಿಂತೆ. ಹೊರಡುವುದರೊಳಗೆ ಅಜ್ಜಿ ಅವಳ ಕೈಯಿಂದ ಒಂದು ತುತ್ತಾದರೂ ತಿಂದರೆ ಸಾಕು ಎಂದು ನನ್ನ ಹತ್ತಿರ ಹೇಳಿಕೊಂಡಿದ್ದ.

ನಾನು ಮಹಾ ಸ್ವಾರ್ಥಿ, ನನಗೆ ಕಾಕ್‌ಟೇಲ್ ಚಿಂತೆ. ಅವನಿಂದ ಎರಡು ಬಾಟಲಿ ಇಸಿದುಕೊಂಡು, ಚಕ್ಕೆ, ಲವಂಗ, ಏಲಕ್ಕಿ, ಒಣಶುಂಠಿ, ಒಂದಿಷ್ಟು ಜಾಯಿಕಾಯಿ ಜಜ್ಜಿ ಒಳಗೆ ತುರುಕಿ, ನಾಲ್ಕು ದಿನದ ಮುಂಚೆಯೇ ಅಕ್ಕಿ ಪೆಟ್ಟಿಗೆಯ ಹಿಂದೆ ಅಡಗಿಸಿ ಇಟ್ಟಿದ್ದೆ. ಸ್ಪೈಸ್ಡ್ ರಮ್ ರೆಡಿ. ಅಣ್ಣನನ್ನು ಬೀಳ್ಕೊಡುವ ಊಟದ ದಿನ ಬೆಳಿಗ್ಗೆ ಅಡಿಗೆಮನೆಯ ಹಿಂದಿನ ಜಗಲಿಯಲ್ಲಿ ನನ್ನ ಲ್ಯಾಬೊರೇಟರಿ ತೆರೆಯಿತು. ತೋಟದ ಕಿತ್ತಳೆ, ನಿಂಬೆ, ಎರಡು ಅನಾನಸ್. ಕ್ರಶ್ಡ್ ಐಸ್ ಬೇಕೆಂದು ಬರೆದಿತ್ತು. ನಾವು ಕಂಡ ಐಸ್ ಎಂದರೆ ಆಲಿಕಲ್ಲು ಮಾತ್ರ. ಹಣ್ಣಿನ ರಸವನ್ನು ಹಿತ್ತಾಳೆ ಚೊಂಬಿಗೆ ಹಾಕಿ ಬಾವಿಗೆ ಇಳಿಬಿಟ್ಟೆ. ಶುಗರ್ ಸಿರಪ್ ಎಂದಿದ್ದಲ್ಲಿಗೆ ಬೆಲ್ಲ.

ಬೆಲ್ಲ ಕರಗಿಸುತ್ತಿದ್ದ ಅತ್ತಿಗೆ ನಾನು ಓದಿದ್ದನ್ನೆಲ್ಲ ಕೇಳಿ, "ಅಲ್ಲಾರೀ, ಇದು ನಮ್ಮನೆ ರಾಮನವಮಿ ಪಾನಕ ಅಲ್ವಾ? ಬೆಲ್ಲ, ಏಲಕ್ಕಿ, ಶುಂಠಿ, ನಿಂಬೆಹಣ್ಣು. ಮಧ್ಯಕ್ಕೆ ನಿಮ್ಮ ರಮ್ ಬಂದು ಕೂತಿದೆ ಅಷ್ಟೆ" ಎಂದಳು. ಹಲ್ಲು ಕಿರಿದ ದೇವರನ್ನು ನೋಡಿ, ಪಾಪ, ರಾಮನಿಗೆ ದೂರದ ನೆಂಟನಿರಬೇಕು ಎಂದೂ ಸೇರಿಸಿದಳು. ಮೂರು ತಿಂಗಳಲ್ಲಿ ಅವಳು ಹೇಳಿದ ಮೊದಲ ಜೋಕು ಅದು. ನಾನು ನಕ್ಕು ನಕ್ಕು ಒರಳಿನ ಮೇಲೆ ಕೂತುಬಿಟ್ಟೆ.

ಆಮೇಲೆ ಟೇಸ್ಟಿಂಗ್ ಶುರುವಾಯಿತು. ಮೊದಲ ಚಮಚ ಹುಳಿ. ಬೆಲ್ಲ ಹಾಕಿದೆ. ಸಿಹಿ ಹೆಚ್ಚಾಯಿತು, ನಿಂಬೆ ಹಿಂಡಿದೆ. ತೆಳುವಾಯಿತು, ರಮ್ ಸುರಿದೆ. ಒಬ್ಬಳ ನಾಲಗೆಯನ್ನು ನಂಬಬಾರದೆಂದು ಅಣ್ಣನನ್ನು ಕರೆದೆ. ಅವನು ಗಂಭೀರವಾಗಿ ಅರ್ಧ ಲೋಟ ಕುಡಿದು, ಇನ್ನೂ ಸರಿಯಾಗಿ ತಿಳಿಯಲಿಲ್ಲ ಎಂದ. ಇದೆಂಥ ಗಲಾಟೆ ಎಂದು ಗದರಿಸಲು ಬಂದ ಅವ್ವ ಒಂದು ಗುಟುಕು ನೋಡಿದಳು, ಕೆಮ್ಮಿಗೆ ಒಳ್ಳೆಯದು ಎಂದು ತೀರ್ಪು ಕೊಟ್ಟಳು. ಅವಳಿಗೆ ಕೆಮ್ಮೇ ಇರಲಿಲ್ಲ. ಕಣದಿಂದ ಕಾಲು ತೊಳೆಯಲು ಬಂದ ಅಪ್ಪ ಏನು ಎತ್ತ ಎಂದು ಕೇಳದೆ ಲೋಟ ಚಾಚಿದರು. ಹನ್ನೊಂದು ಗಂಟೆಯ ಹೊತ್ತಿಗೆ ಅವ್ವ ಒಂದು ಹಳೆಯ ಮದುವೆಯ ಕತೆ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುವಿಗೋ ಅಳುವಿಗೋ ಅವಳಿಗೇ ಗೊತ್ತಿರಲಿಲ್ಲ. ನಾನು ಕಾನ್ವೆಂಟಿನ ಪ್ರೇಯರನ್ನು ಬೇಲಿಯ ದಾಸವಾಳಕ್ಕೆ ಅಭಿನಯಪೂರ್ವಕವಾಗಿ ಒಪ್ಪಿಸುತ್ತಿದ್ದೆ. ಕಂಡಿದ್ದರೆ ಅಬ್ಸಲ್ಯೂಟ್‌ಲಿ ಡಿಸ್‌ಗ್ರೇಸ್‌ಫುಲ್, ಎನ್ನುತ್ತಿದ್ದರು ಸಿಸ್ಟರು. ಅತ್ತಿಗೆಯೊಬ್ಬಳು ಮಾತ್ರ ವಾಸನೆಗೆ ಮೂಗು ಮುಚ್ಚಿಕೊಂಡು ಅನಾನಸ್ ಹೆಚ್ಚುತ್ತಿದ್ದಳು.

ಆಗ ಅಜ್ಜಿಯ ಊರುಗೋಲಿನ ಸದ್ದು ಕೇಳಿಸಿತು.

ನಮ್ಮ ಮನೆಯಿಂದ ಯಾರಾದರೂ ದೂರ ಹೊರಟರೆ ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೊದಲು ಬಡಿಸಬೇಕು. ನಡುಮನೆಯ ಕಂಬದ ಬುಡದಲ್ಲಿ ಬಾಳೆಲೆ ಹಾಕಿ, ಮನೆಯವರು ಅಂದು ಉಣ್ಣುವುದನ್ನು, ಕುಡಿಯುವುದನ್ನು ಇಡಬೇಕು. ಅದಕ್ಕೆ ಮುಂಚೆ ಯಾರೂ ಬಾಯಿ ಹಾಕುವಂತಿಲ್ಲ. ಉಪ್ಪು ನೋಡುವಂತೆಯೂ ಇಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಅಂದು ಬೆಳಿಗ್ಗೆ ಅವ್ವ ಹಂದಿ ಸಾರಿಗೆ ಉಪ್ಪು ನೋಡದೆಯೇ ಹಾಕಿದ್ದಳು. ಆದರೆ ಇಂಗ್ಲಿಷ್ ಮ್ಯಾಗಜೀನಿನ ಡ್ರಿಂಕು ಹೆಂಡದ ಲೆಕ್ಕಕ್ಕೆ ಬರುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಮೂಗಿಗೆ ಏನೂ ಆಗಿರಲಿಲ್ಲ. ಬಾಗಿಲಲ್ಲೇ ನಿಂತಳು. "ಕಾರಣರಿಗೆ ಕೊಟ್ಟಾತಾ?" ಎಂದಳು.

ಅಪ್ಪ ಲೋಟವನ್ನು ಬೆನ್ನ ಹಿಂದೆ ಹಿಡಿದು, ಇನ್ನೂ ಇಲ್ಲ ಎಂದರು. ನಾನು ಮುಂದೆ ಬಂದು ಇದು ಕುಡಿದದ್ದಲ್ಲ, ಮಿಕ್ಸಿಂಗ್ ಎಂದು ವಿವರಿಸಲು ಹೋಗಿ ಬಿಕ್ಕಳಿಸಿದೆ.

ಅಪ್ಪನೇ ಒಂದು ದಾರಿ ಸೂಚಿಸಿದರು. ಟ್ರಂಕಿನಲ್ಲಿ ಬರೀ ರಮ್ಮಿನ ಬಾಟಲಿಯೊಂದು ಒಡೆಯದೆ ಇದೆ, ಅದನ್ನೇ ಇಟ್ಟುಬಿಡೋಣ. ಅಜ್ಜಿ ಒಪ್ಪಲಿಲ್ಲ. ನಾವು ಹಣ್ಣು, ಬೆಲ್ಲ ಹಾಕಿ ರುಚಿಯಾಗಿ ಕುಡಿದು ಹಿರಿಯರಿಗೆ ಸಪ್ಪೆಯದು ಇಡುವುದೇ? ಮೊಮ್ಮಗ ಗಡಿಗೆ ಹೊರಟಿದ್ದಾನೆ. ಇದೇ ಆಗಬೇಕು, ಹೊಸದಾಗಿ ಆಗಬೇಕು, ಎಂಜಲು ಮಾಡದವರ ಕೈಯಿಂದ ಆಗಬೇಕು.

ಹೊಸದಕ್ಕೆ ಎಲ್ಲವೂ ಇತ್ತು. ಮಸಾಲೆ ತುರುಕಿಟ್ಟ ಎರಡನೆಯ ಬಾಟಲಿಯಿಂದ ಇನ್ನೂ ಒಂದು ಹನಿಯೂ ಸುರಿದಿರಲಿಲ್ಲ, ಹಣ್ಣು ಬುಟ್ಟಿಯಲ್ಲಿತ್ತು. "ಬಾಯಿ ಹಾಕದವು ಯಾರ್ ಇದ್ದರೆ?" ಎಂದಳು ಅಜ್ಜಿ, ಎಂಜಲು ಮಾಡದವರು ಯಾರಿದ್ದಾರೆ ಎಂದು. ನಾವು ನಾಲ್ವರೂ ನೆಲ ನೋಡಿದೆವು. ಕೂಲಿಯವರೆಲ್ಲ ತೋಟದಲ್ಲಿದ್ದರು. ಅಜ್ಜಿ ತಾನೇ ಮಾಡೋಣವೆಂದು ನಿಂಬೆಹಣ್ಣು ಕೈಗೆತ್ತಿಕೊಂಡಳು, ಕತ್ತಿ ಎಲ್ಲಿದೆಯೆಂದು ತಡವರಿಸಿದಳು, ನಿಂತಳು.

ಅತ್ತಿಗೆ ಅನಾನಸ್ ಹೆಚ್ಚುವುದನ್ನು ನಿಲ್ಲಿಸಿ, "ನಾನು ಮುಟ್ಟಿಲ್ಲ ಅಜ್ಜಿ" ಎಂದಳು.

ಎಷ್ಟು ಹೊತ್ತು ಹೋಯಿತೋ. ನನಗೆ ಜಗಲಿ ಸಣ್ಣಗೆ ತಿರುಗುತ್ತಿದ್ದುದರಿಂದ ಸರಿಯಾಗಿ ಹೇಳಲಾರೆ. ಕೊನೆಗೆ ಅಜ್ಜಿ ನಿಂಬೆಹಣ್ಣನ್ನು ಅತ್ತಿಗೆಯ ಮುಂದೆ ಇಟ್ಟು ಒಳಗೆ ಹೋದಳು.

ಅತ್ತಿಗೆ ಆ ಪುಟದ ಕಡೆ ತಿರುಗಿಯೂ ನೋಡಲಿಲ್ಲ. ರುಚಿ ನೋಡುವಂತಿಲ್ಲ, ಕುಡಿದು ಗೊತ್ತಿಲ್ಲ. ಪಾನಕಕ್ಕೆ ಹಾಕುವ ಹಾಗೆ ಕೈಯಳತೆಯಲ್ಲಿ ಬೆಲ್ಲ, ನಿಂಬೆ, ಶುಂಠಿ ಹಾಕಿ, ಹಣ್ಣಿನ ರಸ ಸೇರಿಸಿ, ಕೊನೆಗೆ ಮುಖ ಆಚೆ ತಿರುಗಿಸಿಕೊಂಡು ರಮ್ ಸುರಿದಳು. ಕಂಬದ ಬುಡದಲ್ಲಿ ಎಲೆಯ ಮುಂದೆ ಹಿತ್ತಾಳೆ ಲೋಟದಲ್ಲಿ ಇಟ್ಟಳು. ಗಾರ್ನಿಷ್ ಬೇಡವೇ ಎಂದು ನಾನು ಅನಾನಸ್ ಹೋಳು ಹಿಡಿದು ಬಂದೆ. ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು.

ಅಜ್ಜಿ ಕೈಮುಗಿದು ಮೊಮ್ಮಗನನ್ನು ಕಾಯಿರಿ ಎಂದು ಬೇಡಿದಳು. ಆಮೇಲೆ ಕಾರಣರಿಗಿಟ್ಟದ್ದನ್ನು ಮನೆಯ ಹಿರಿಯರೇ ಮೊದಲು ತೆಗೆದುಕೊಳ್ಳಬೇಕು. ಬೇಡ ಎನ್ನುವ ಪದ್ಧತಿಯೇ ಇಲ್ಲ. ಮನೆಗೆ ಹಿರಿಯಳು ಅಜ್ಜಿಯೇ. ಹೀಗೊಂದು ಗಳಿಗೆ ಬರುತ್ತದೆಂದು ನಮಗೆ ಆಗಲೇ ಹೊಳೆದದ್ದು. ನಾವು ನಾಲ್ವರೂ ಗೋಡೆಗೊರಗಿ ಸಾಲಾಗಿ ಕೂತು ಕಣ್ಣು ಬಿಟ್ಟುಕೊಂಡು ನೋಡಿದೆವು.

ಅಜ್ಜಿ ಲೋಟ ಎತ್ತಿದಳು. ಕುಡಿದಳು. ನಿಲ್ಲಿಸದೆ ಅಷ್ಟೂ ಕುಡಿದಳು. ಲೋಟ ಕೆಳಗಿಟ್ಟು, "ಗೂಡೆ, ಶುಂಠಿ ಕಮ್ಮಿ ಆತ್" ಎಂದಳು.

ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ಅತ್ತಿಗೆಗೆ ಅಷ್ಟು ಅರೆಭಾಷೆ ಬರುತ್ತಿತ್ತು. ಅಮ್ಮನ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಹಾಕುತ್ತೇವೆ, ಇಲ್ಲಿ ಖಾರವಾದೀತು ಅಂತ ಹೆದರಿದೆ ಎಂದಳು. ನಿಮ್ಮಲ್ಲಿ ಶುಂಠಿ ಬೆಳೆಯುತ್ತೀರಾ, ಎಷ್ಟು ಜಾಗ, ನಿನ್ನ ಅಪ್ಪನಿಗೆ ಎಷ್ಟು ಜನ ಮಕ್ಕಳು ಎಂದು ಅಜ್ಜಿ ಒಂದೊಂದಾಗಿ ಕೇಳತೊಡಗಿದಳು. ಅತ್ತಿಗೆ ಕಂಬದ ಹತ್ತಿರ ನೆಲಕ್ಕೇ ಕೂತು ಉತ್ತರ ಹೇಳಿದಳು. ಎರಡನೆಯ ಲೋಟ ತುಂಬಿಸಿದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ.

ಇಷ್ಟಕ್ಕಾಗಿ ಹದಿನೈದು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದ ಅಣ್ಣ, ಅಜ್ಜಿ ಲೋಟ ಎತ್ತುವಾಗ ನನ್ನ ಹೆಗಲಿಗೆ ಒರಗಿದವನು, ಇಳಿಸುವುದರೊಳಗೆ ಗೊರಕೆ ಹೊಡೆಯುತ್ತಿದ್ದ. ತೋಳು ಚಿವುಟಿದೆ, ಕಿವಿ ಹಿಂಡಿದೆ. ಏಳಲಿಲ್ಲ.

ಮರುದಿನ ಬಸ್‌ಸ್ಟಾಪಿಗೆ ನಡೆಯುವಾಗ ಎಲ್ಲವನ್ನೂ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಹೇಳಿಸಿದ. ಬಸ್ಸು ಬಂದು ನಿಂತು ಹಾರ್ನ್ ಹೊಡೆಯುತ್ತಿದ್ದರೂ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, "ಗೂಡೆ ಅಂತಲೇ ಅಂದಳಾ?" ಎಂದು ಮತ್ತೆ ಕೇಳಿದ.