ಕಜ್ಜಿಯ ಹುಳ ತೋರಿಸುತ್ತಿದ್ದ ಖಾದರ್ ಸಾಬರು

ಹಿರಿಯೂರಿನ ದವಾಖಾನೆಯ ಕಾಂಪೌಂಡರ್ ಖಾದರ್ ಸಾಬರ ಬಳಿ ಒಂದು ಭೂತಗನ್ನಡಿಯಿತ್ತು. ಕಜ್ಜಿಯವರು ಬಂದರೆ ಬೆರಳ ಸಂದಿಯಿಂದ ಸೂಜಿಮೊನೆಯಲ್ಲಿ ಬಿಳಿ ಚುಕ್ಕೆಯೊಂದನ್ನು ಎತ್ತಿ, ಗಾಜಿನಡಿ ಹಿಡಿದು, ಅವರಿಗೇ ತೋರಿಸುತ್ತಿದ್ದರು.

"ನೋಡ್ರಿ, ಇದು ನಿಮ್ಮ ತೊಗಲಿನಾಗೆ ಸುರಂಗ ತೋಡಿ ಮೊಟ್ಟೆ ಇಡ್ತೈತೆ. ದೇವರ ಶಾಪ ಅಂತೀರಲ್ಲ, ಶಾಪಕ್ಕೆ ಎಂಟು ಕಾಲು ಇರ್ತಾವೇನ್ರಿ?"

ಕೆರೆದುಕೊಳ್ಳುವವರನ್ನು ಅವರು ಬೈದದ್ದಿಲ್ಲ. "ಕೆರ್ಕಂಡ್ರೆ ನೋವಾಗ್ತೈತೆ, ಆ ನೋವು ಒಂದು ಗಳಿಗೆ ನವೆನ ಮುಚ್ತೈತೆ. ಅಷ್ಟೇ ಸುಖ. ಆಮೇಲೆ ಇನ್ನೂ ಜೋರು" ಎನ್ನುತ್ತಾ ಮುಲಾಮು ಕಲಸುತ್ತಿದ್ದರು. ಗಂಧಕದ ನಾತ ಅವರ ಅಂಗಿಯನ್ನು ಬಿಟ್ಟದ್ದೇ ಇಲ್ಲ. ಪೇಟೆಯಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ ತಾವೇ ನಕ್ಕು ಪಕ್ಕಕ್ಕೆ ಸರಿಯುತ್ತಿದ್ದರು.

ಗಂಡನನ್ನು ಕಳೆದುಕೊಂಡು ನಾನು ತವರಿಗೆ ಬಂದ ವರ್ಷ ಅತ್ತಿಗೆ ಗೌರಮ್ಮನ ಕೈಗಳಲ್ಲಿ ಗುಳ್ಳೆ ಎದ್ದವು. ಅಣ್ಣ ಕೊಬ್ಬರಿ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಅತ್ತಿಗೆಯ ಮಗ್ಗುಲಲ್ಲಿ ಮಲಗುತ್ತಿದ್ದವಳು ನಾನೇ. ಕೆರೆದು ಕೆರೆದು ಅವಳ ಕೈ ಹುಣ್ಣಾದವು. ಕುಷ್ಠವೆಂದು ಅವ್ವ ತೀರ್ಮಾನಿಸಿದಳು. ಅತ್ತಿಗೆಗೆ ದನದ ಕೊಟ್ಟಿಗೆಯಲ್ಲಿ ಊಟ, ಅಲ್ಲೇ ಹಾಸಿಗೆ. ನಾನು ಹಟ ಹಿಡಿದು ಸಾಬರನ್ನು ಕರೆಸಿದೆ.

ಅವರು ಅವಳ ಕೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು ನೋಡಿದರು. ಹುಣ್ಣಾದ ತೊಗಲಲ್ಲಿ ಹುಳ ಸಿಗಲಿಲ್ಲ. "ಆದ್ರೂ ಇದು ಕಜ್ಜಿನೇ ತಾಯಿ. ಕುಷ್ಠದ ಮಚ್ಚೆಗೆ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ, ಇವರಿಗೆ ಗೊತ್ತಾಗ್ತೈತೆ" ಎಂದರು.

"ನೀವು ಹೇಳಿದ್ರೆ ಊರು ನಂಬ್ತೈತಾ?" ಎಂದಳು ಅವ್ವ.

ಸಾಬರು ನಮ್ಮನ್ನೆಲ್ಲ ನೋಡಿದರು. "ಕಜ್ಜಿ ಒಬ್ರಿಗೇ ಬರಲ್ಲ. ಇವರ ಜೊತೆ ಮಲಗ್ತಿದ್ದೋರಿಗೆ ನವೆ ಐತೇನ್ರಿ? ಒಬ್ರು ಐತೆ ಅನ್ರಿ, ಸಾಕು."

ಎಂಟು ದಿನದಿಂದ ನನ್ನ ಬೆರಳ ಸಂದಿ ಉರಿಯುತ್ತಿತ್ತು. ನನ್ನನ್ನೂ ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ? ಕೈಗಳನ್ನು ಸೆರಗಿನೊಳಗೆ ಸೇರಿಸಿ "ಇಲ್ಲ" ಎಂದೆ. ನಾನು ಕೆರೆದುಕೊಳ್ಳುವುದನ್ನು ಕಂಡಿದ್ದ ಅತ್ತಿಗೆ ತಲೆ ತಗ್ಗಿಸಿದಳು, ಬಾಯಿ ಬಿಡಲಿಲ್ಲ.

ವಾರದೊಳಗೆ ಅಣ್ಣ ಅವಳನ್ನು ಗಾಡಿಯಲ್ಲಿ ಕೂರಿಸಿ ಮದಕರಿಪುರದ ತವರಿಗೆ ಬಿಟ್ಟುಬಂದ. ಒಂದೂವರೆ ತಿಂಗಳಿಗೆ ಅವ್ವ, ಅಣ್ಣ, ಎಲ್ಲರೂ ಕೆರೆದುಕೊಳ್ಳತೊಡಗಿದರು, ನನ್ನಿಂದಲೇ. ಸಾಬರ ಮುಲಾಮಿಗೆ ಎಲ್ಲರಿಗೂ ವಾಸಿಯಾಯಿತು.

"ಈಗಾದ್ರೂ ಗೌರಮ್ಮನ್ನ ಕರ್ಕಂಬರ್ರಿ" ಎಂದರು ಸಾಬರು.

"ನೋಡಾಣ" ಎಂದಳು ಅವ್ವ. ಅಷ್ಟರಲ್ಲಿ ಅಣ್ಣನಿಗೆ ಬೇರೆ ಹೆಣ್ಣು ಗೊತ್ತುಮಾಡಿಯಾಗಿತ್ತು.

ಮುಲಾಮಿನ ಡಬ್ಬಿ ಹಿಡಿದು ಸಾಬರೇ ಮದಕರಿಪುರಕ್ಕೆ ಹೋಗಿಬಂದರು. ಸುದ್ದಿ ಕೇಳಲು ನಾನು ದವಾಖಾನೆಗೆ ಹೋದೆ.

"ಕೈ ಪೂರಾ ವಾಸಿಯಾಗ್ಯಾವೆ. ಆದ್ರೆ ಅಲ್ಲೂ ಅವರು ಸೇದಿದ ನೀರು ಯಾರೂ ಮುಟ್ಟಲ್ಲ."

"ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಸಾಬರು ಕಲಸುವುದನ್ನು ನಿಲ್ಲಿಸಿದರು. "ನಮ್ಮ ನಾದಿನಿಗೆ ಆವಾಗ್ಲೇ ನವೆ ಇತ್ತು, ಪಾಪ, ಅವಳಿಗೂ ಮುಲಾಮು ಕೊಟ್ರಾ ಅಂತ ಕೇಳಿದ್ರು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ಅವರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಅವರ ಗಾಡಿ ನಮ್ಮ ಬೀದಿಯಲ್ಲೇ ಹಾದುಹೋಯಿತು. ನಾನು ಹೊರಗೆ ಬರಲಿಲ್ಲ.