ಮೇಷ್ಟ್ರ ಐದು ಗುಂಡಿಗಳು

ಕಳೆದ ಭಾನುವಾರ ಬೆಳಿಗ್ಗೆ ಮರಳೂರಿನ ನಮ್ಮ ಮನೆಯ ಜಗಲಿಯಲ್ಲಿ ಮೂರು ಜನ ಇದ್ದೆವು. ನಾನು, ನನ್ನ ಹೆಂಡತಿ ಸರೋಜ, ಮತ್ತೆ ಯಾವುದೋ ಮದುವೆಗೆಂದು ಬಂದು ಇಳಿದಿದ್ದ ಅವಳ ತಂಗಿ ವನಜ. ನಾನು ಪೇಪರು ಓದುತ್ತಿದ್ದೆ; ಅಂದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ತಿಂಡಿ ಎಷ್ಟು ಹೊತ್ತಿಗೆ ಆಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಸರೋಜ ಅವರೆಕಾಯಿ ಸುಲಿಯುತ್ತಿದ್ದಳು. ವನಜ ಕಾಲು ಚಾಚಿ ಕೂತು ಉಗುರಿನ ಬಣ್ಣದ ಬಾಟಲಿಯ ಮುಚ್ಚಳ ತಿರುವಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಪೇಪರು ಕೆಳಗಿಟ್ಟು ಉಸಿರು ಒಳಕ್ಕೆಳೆದು “ಆಹಾ!” ಎಂದುಬಿಟ್ಟೆ.

ವನಜ ಕೈ ತಡೆದು ನನ್ನ ಮುಖ ನೋಡಿದಳು. “ಏನ್ ಭಾವ, ನಿಮ್ಗೂ ಹಚ್ಚಬೇಕಾ?”

“ಅವ್ರಿಗೇನು ಹೊಸದಲ್ಲ ಬಿಡೇ,” ಎಂದಳು ಸರೋಜ, ಅವರೆಕಾಯಿಯ ಮೇಲಿನ ಕಣ್ಣು ಎತ್ತದೆ. “ನಿಮ್ ಭಾವ ಒಂದ್ಸಲ ತಾವೇ ಅಂಗಡೀಗ್ ಹೋಗಿ ನೈಲ್ ಪಾಲಿಶ್ ತಂದಿದ್ರು. ಕೆಂಪು. ನಂಗೇ ಇರ್ಬೇಕು ಅಂತ ಅರ್ಧ ದಿನ ಖುಷಿಯಾಗಿದ್ದೆ ಕಣೇ.”

ಈ ಆಪಾದನೆ ಸುಳ್ಳಲ್ಲ. ಆ ಬಾಟಲಿ ಹೋದದ್ದು ಗುಬ್ಬಿಗೆ, ಗಂಗಣ್ಣ ಮೇಷ್ಟ್ರ ಮನೆಗೆ. ವನಜಳಿಗೆ ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ. ತಿಂಡಿಗೆ ಇನ್ನೂ ಹೊತ್ತಿತ್ತು, ನಿಮಗೂ ಪುರಸೊತ್ತು ಇರಬಹುದು.

ಗಂಗಣ್ಣ ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ನಮ್ಮ ಕಡೆ ಊರಿಗೊಂದು ಪೌರಾಣಿಕ ನಾಟಕ ಆಡದೆ ವರ್ಷ ಕಳೆಯುವುದಿಲ್ಲವಲ್ಲ. ತೆಂಗಿನ ತೋಟದ ಯಜಮಾನ ರಾಜನಾಗುತ್ತಾನೆ, ಬಸ್ ಕಂಡಕ್ಟರು ಋಷಿಯಾಗುತ್ತಾನೆ, ಇವರಿಗೆಲ್ಲ ಹಾಡು ಕಲಿಸಲು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಒಬ್ಬ ಮೇಷ್ಟ್ರು ಬರುತ್ತಾರೆ. ಗಂಗಣ್ಣನವರಿಗೆ ಎಳವೆಯಲ್ಲೇ ಕಣ್ಣು ಹೋಗಿತ್ತು. ಪುಸ್ತಕ ಹಿಡಿದವರಲ್ಲ. ನಾಟಕದ ಅಷ್ಟೂ ಪಾತ್ರ, ಅಷ್ಟೂ ಹಾಡು ತಲೆಯಲ್ಲಿ. ಚಿಕ್ಕಂದಿನಲ್ಲಿ ನಾನೂ ಅವರ ಬಳಿ ಪಾತ್ರಕ್ಕೆ ಹೋದವನೇ. ಎರಡು ಸಾಲು ಹಾಡಿಸಿ ಕೇಳಿ, “ನೀನು ಈಟಿ ಹಿಡ್ಕಂಡು ಬಾಗ್ಲಲ್ಲಿ ನಿಂತ್ಕೊ ಕಣ್ಲಾ. ಬಾಯಿ ಮಾತ್ರ ಬುಡಬ್ಯಾಡ,” ಎಂದಿದ್ದರು. ನಿಂತೆ. ನನ್ನ ರಂಗಜೀವನ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿಯಿತು.

ಅಂಥವರಿಗೆ, ಎಪ್ಪತ್ತು ದಾಟಿದ ಮೇಲೆ, ಗಂಟಲಿನಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಜೀವ ಉಳಿಯಿತು, ಕಂಠ ಹೋಯಿತು. ಪಿಸುಮಾತು ಬಿಟ್ಟರೆ ಏನೂ ಹೊರಡದು. ಕಣ್ಣಿಲ್ಲದ ಮೇಷ್ಟ್ರನ್ನು ಊರವರು ಒಪ್ಪಿದ್ದರು. ದನಿಯಿಲ್ಲದ ಮೇಷ್ಟ್ರನ್ನು ಹೇಗೆ ಒಪ್ಪುತ್ತಾರೆ? ಎರಡು ವರ್ಷದ ಹಿಂದೆ, ಪ್ರತಿವರ್ಷ ಅವರಿಂದಲೇ ನಾಟಕ ಕಲಿಯುತ್ತಿದ್ದ ಕೋರ ಎಂಬ ಊರಿನವರು ಬಂದು ಮೆತ್ತಗೆ, “ಮೇಷ್ಟ್ರೇ, ಈ ಸಲ ಒಂದು ನೋಡನ. ಆಗ್ನಿಲ್ಲ ಅಂದ್ರೆ ಬೇಜಾರ್ ಮಾಡ್ಕಬ್ಯಾಡಿ, ಬೇರೆಯವ್ರನ್ನ ಕರಿತೀವಿ,” ಎಂದು ಹೇಳಿ ಹೋಗಿದ್ದರು.

ಒಂದು ಪುಣ್ಯವೆಂದರೆ, ಮೇಷ್ಟ್ರು ಹಾಡಿದ್ದನ್ನು ಶಿಷ್ಯರು ಯಾವ ಕಾಲದಲ್ಲೋ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಬೂಷ್ಟು ಹಿಡಿದ ಆ ಕ್ಯಾಸೆಟ್ಟುಗಳನ್ನು ತುಮಕೂರಿನ ಅಂಗಡಿಯೊಂದಕ್ಕೆ ಒಯ್ದು, ಹಾಡುಗಳನ್ನು ಎತ್ತಿಸಿ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲೇಯರಿಗೆ ತುಂಬಿಸಿ ಕೊಟ್ಟವನು ನಾನೇ. ಒಂದೊಂದು ಪಾತ್ರಕ್ಕೆ ಒಂದೊಂದು ಫೋಲ್ಡರು. ದೊಡ್ಡ ಫೋನು ಯಾಕೆ ಬೇಡ ಎಂದು ಕೇಳೀರಿ. ಕೊಟ್ಟು ನೋಡಿದ್ದೆ. “ಗಾಜು ಸವರ್ದಂಗಾಯ್ತದೆ ಕಣೋ. ಎಲ್ಲಿ ಮುಟ್ಟಿದ್ರೂ ಒಂದೇ,” ಎಂದು ಹಿಂದಿರುಗಿಸಿದ್ದರು. ಈ ಪ್ಲೇಯರಿನಲ್ಲಾದರೆ ಐದು ಗುಂಡಿಗಳಿದ್ದವು: ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ಆದರೆ ಅದು ಮಾತಾಡುವ ಯಂತ್ರವಲ್ಲ. ಏನು ಹೇಳುವುದಿದ್ದರೂ ಪುಟ್ಟ ಪರದೆಯ ಮೇಲೆ ಬರೆದು ತೋರಿಸುತ್ತದೆ. ಅದನ್ನು ಬಳಸುವ ಕ್ರಮವನ್ನು ಮೇಷ್ಟ್ರಿಗೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಂತೇನು, ನಾನೇ ಎಳೆದುಕೊಂಡೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಸುತ್ತೋಲೆ ಬರೆದ ಕೈ. ನಾನು ಮಾತು ಕಲಿತದ್ದು ಅಜ್ಜಿಯ ತೊಡೆಯ ಮೇಲೆ, ಮರೆತದ್ದು ಕಚೇರಿಯ ಮೇಜಿನ ಮೇಲೆ.

ಮೂರು ಪುಟ ಬರೆದು, ಗುಬ್ಬಿಗೆ ಹೋಗಿ, ಮೇಷ್ಟ್ರ ಎದುರು ಕೂತು ಗಂಭೀರವಾಗಿ ಓದಿದೆ. “ಸದರಿ ಸಾಧನದ ಮುಂಭಾಗದಲ್ಲಿ ಹಸಿರು ದೀಪವು ಗೋಚರಿಸಿದ ತರುವಾಯ, ಬಿಳಿಯ ಬಾಣದ ಗುರುತುಳ್ಳ ಗುಂಡಿಯನ್ನು...”

ಮೇಷ್ಟ್ರು ತಾಳ್ಮೆಯಿಂದ ಕೇಳಿ ಪಿಸುದನಿಯಲ್ಲಿ, “ಹಸ್ರು ಅಂದ್ರೆ ಮುಟ್ಟಿದ್ರೆ ಹೆಂಗಿರ್ತದ್ಲಾ?” ಎಂದರು.

ಅವರ ಹೆಂಡತಿ ಪುಟ್ಟಮ್ಮ ಒಳಗಿನಿಂದಲೇ ನಕ್ಕರು. “ಈವಪ್ಪ ನಮ್ಮೆಜಮಾನ್ರಿಗೆ ಬಣ್ಣ ತೋರ್ಸಕ್ ಬಂದವ್ನೆ!”

ಬಣ್ಣಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆದೆ. ಓದಿಹೇಳಲು ಪ್ರತಿಸಲ ನಾನಿರುವುದಿಲ್ಲವಲ್ಲ ಎಂದು, ಜಾಣತನ ಮಾಡಿ, ನನ್ನ ದನಿಯಲ್ಲೇ ಓದಿ ಆ ಯಂತ್ರದೊಳಗೇ ತುಂಬಿಸಿ ಕೊಟ್ಟೆ. ಮಾರನೆಯ ದಿನ ಪುಟ್ಟಮ್ಮ ಫೋನು ಹಚ್ಚಿ ಕೊಟ್ಟರು. ಪಿಸುದನಿ ಕೇಳಿತು: “ಯಂತ್ರ ಓಡ್ಸೋದು ಹೆಂಗೆ ಅಂತ ಯಂತ್ರದೊಳಗೆ ಹೇಳಿದ್ದೀಯಂತೆ. ಅದನ್ನ ಕೇಳಕ್ಕೆ ಯಂತ್ರ ಓಡ್ಸೋದು ಹೆಂಗಪ್ಪ?” ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಜಡಿದಿದ್ದೆ.

ಆಗ ಬಂದದ್ದು ನೈಲ್ ಪಾಲಿಶು. ತೊಟ್ಟಿಕ್ಕಿಸಿ ಒಣಗಲು ಬಿಟ್ಟರೆ ಸಣ್ಣ ಗಂಟು ಕಟ್ಟುತ್ತದೆ, ಬೆರಳಿಗೆ ಗೊತ್ತಾಗುತ್ತದೆ ಎಂದು ಯಾರೋ ಹೇಳಿದ್ದರು. ಬಹಳ ಮುತುವರ್ಜಿಯಿಂದ ಐದೂ ಗುಂಡಿಗಳಿಗೆ ಒಂದೊಂದು ಗಂಟು ಇಟ್ಟೆ. ಮೇಷ್ಟ್ರು ಹೆಬ್ಬೆರಳಾಡಿಸಿ, “ಮದ್ವೆ ಮನೇಲಿ ಎಲ್ರಿಗೂ ಬಾಸಿಂಗ ಕಟ್ಟಿದ್ರೆ ಗಂಡು ಯಾವ್ದು ಅಂತ ಹುಡುಕ್ಲಿ?” ಎಂದರು.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕತೆಯಾಗಿಯೇ ಉಳಿಯುತ್ತಿತ್ತು. ಕೆಳಗಿನ ಗುಂಡಿ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಬರೆಯುವವನಿಗೆ ತಿಳಿದಿರಬೇಕಲ್ಲ ಎಂದು, ಅವರ ಮುಂದೆಯೇ ಕೂತು ಅದನ್ನು ಒತ್ತಿದೆ. ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಕಚೇರಿಯ ಅಭ್ಯಾಸ, ಕೇಳಿದ್ದಕ್ಕೆಲ್ಲ ‘ಹೌದು’ ಎಂದು ರುಜು ಹಾಕುವುದು. ನಡುವಿನ ಗುಂಡಿ ಒತ್ತಿದೆ. ಹಾಡೊಂದು ಅಳಿಸಿಹೋಯಿತು.

ಸುಳ್ಳು ಹೇಳಬಹುದಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಹೇಳಲಾಗಲಿಲ್ಲ. “ಒಂದು ಹಾಡು ಹೋಯ್ತು,” ಎಂದೆ.

“ಯಾವ್ದು?” ಎಂದರು.

“ರಾಣಿ ಪಾತ್ರದ್ದು, ಮೇಷ್ಟ್ರೇ. ಮಗ ಸತ್ತಾಗ ಹಾಡೋದು.”

ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಆಮೇಲೆ, “ಹೋಗ್ಲಿ ಬುಡು. ಮಿಷನ್ನು ಮಡಗಿ ಹೋಗು,” ಎಂದರು. ಅಂಗಡಿಗೆ ಓಡಿದೆ. ಕೆಲಸ ಮುಗಿದ ದಿನವೇ ಅಂಗಡಿಯವನು ತನ್ನ ಕಂಪ್ಯೂಟರಿನಿಂದ ಎಲ್ಲ ತೆಗೆದುಹಾಕಿದ್ದ. ಆ ಕ್ಯಾಸೆಟ್ಟಿನ ಟೇಪು ಹಾಡು ಎತ್ತುವಾಗಲೇ ತುಂಡು ತುಂಡಾಗಿತ್ತು.

ಎಂಟು ದಿನ ಫೋನಿಲ್ಲ. ಒಂಬತ್ತನೆಯ ದಿನ ಪುಟ್ಟಮ್ಮ, “ಬರಬೇಕಂತೆ,” ಎಂದರು. ಮುಖ ಸಣ್ಣದು ಮಾಡಿಕೊಂಡು ಹೋದೆ. ಮೇಷ್ಟ್ರ ಎಡಗೈಯಲ್ಲಿ ಪ್ಲೇಯರು, ಎದುರಿಗೆ ಹಾರ್ಮೋನಿಯಂ. ನನ್ನ ಮೂರು ಪುಟಗಳು ಮಡಚಿಕೊಂಡು ಹಾರ್ಮೋನಿಯಂನ ಕುಂಟು ಮೂಲೆಯ ಅಡಿಯಲ್ಲಿದ್ದವು. ಒಂದು ಉಪಯೋಗಕ್ಕಂತೂ ಬಂದಿದ್ದವು.

“ಕೇಳು,” ಎಂದು ಮೇಷ್ಟ್ರು ಪೆಟ್ಟಿಗೆಯ ಮೇಲೆ ಷಡ್ಜ ಹಿಡಿದರು. ಸಾ... ಕಾಲಿನಿಂದ ತಾಳ ಹಾಕಿದರು, ನಾಲ್ಕು ಏಟು. “ಮೇಲಿನ ಗುಂಡಿ ಸಾ. ನಾಲ್ಕೇಟು ಹಿಡಿದ್ರೆ ಎಲ್ಲಿದ್ರೂ ಮೊದ್ಲಿನ ಜಾಗಕ್ಕೆ ಬತ್ತದೆ. ‘ಕಿಟ್’ ಅಂತದೆ, ಕಿವಿಗೊಟ್ರೆ ಕೇಳ್ತದೆ. ಬಲಗಡೆದು ರಿ, ಮುಂದಕ್ಕೆ. ಎಡಗಡೆದು ನಿ, ಹಿಂದಕ್ಕೆ. ಪೆಟ್ಟಿಗೆ ಮೇಲೂ ಸಾ ಪಕ್ಕ ಹಂಗೇ ಅಲ್ವೇನ್ಲಾ? ನಡುವಿನದು ಪ. ಒಳಕ್ಕೆ ಹೋಗಕ್ಕೂ ಅದೇ, ಹಾಡ್ಸಕ್ಕೂ ಅದೇ.”

“ಕೆಳಗಿನದು, ಮೇಷ್ಟ್ರೇ?”

“ಮ. ಅದು ಈ ರಾಗದಲ್ಲಿ ಇಲ್ಲ. ವರ್ಜ್ಯ.”

ಕೆಲವು ರಾಗಗಳಲ್ಲಿ ಒಂದು ಸ್ವರವನ್ನು ಮುಟ್ಟಲೇ ಕೂಡದು. ಅದನ್ನು ವರ್ಜ್ಯ ಎನ್ನುತ್ತಾರೆ. ನಾಲ್ಕು ಗುಂಡಿಗಳ ಗಂಟನ್ನು ಮೇಷ್ಟ್ರು ಉಗುರಿನಿಂದ ಕೆರೆದು ತೆಗೆದಿದ್ದರು. ಕೆಳಗಿನ ಗುಂಡಿಯ ಮೇಲೊಂದು ಮಾತ್ರ ಹಾಗೇ ಇತ್ತು, ಹೆಬ್ಬೆರಳಿಗೆ ‘ಇಲ್ಲಿ ಬರಬೇಡ’ ಎಂದು ಹೇಳಲು.

ಆಮೇಲೆ ಒಂದೊಂದು ಹಾಡಿನ ದಾರಿಯನ್ನೂ ಬಾರಿಸಿ ತೋರಿಸಿದರು. ಸಾ ನಿಲ್ಲುವುದೇ ಮೊದಲನೇ ಪಾತ್ರದ ಮೇಲೆ; ಹಾಗಾಗಿ ಸಾ— ರಿ ರಿ, ಪ, ರಿ, ಪ: ಮೂರನೇ ಪಾತ್ರ, ಎರಡನೇ ಹಾಡು. ಗಿಡ್ಡ ಒತ್ತು ಗಿಡ್ಡ ಸ್ವರ, ಉದ್ದ ಒತ್ತು ಉದ್ದ ಸ್ವರ. ಬಾರಿಸಿದಂತೆಲ್ಲ ಅವೇ ಸಣ್ಣ ಸಣ್ಣ ರಾಗಗಳಾಗಿ ಮನೆ ತುಂಬಿದವು. ನಾನು ಬಾಯಿ ತೆರೆದು ಕೂತಿದ್ದೆ. ಕಣ್ಣಿದ್ದ ನಾನು ಪ್ರತಿಸಲ ಪರದೆ ನೋಡಿ ‘ಈಗ ಎಲ್ಲಿದ್ದೇನೆ’ ಎಂದು ತಿಳಿಯುತ್ತಿದ್ದೆ. ಆ ಪ್ರಶ್ನೆ ಇದೆಯೆಂದೇ ನನಗೆ ಹೊಳೆದಿರಲಿಲ್ಲ. ನನ್ನ ಮೂರು ಪುಟದಲ್ಲಿ ಇಲ್ಲದ್ದು ಅದೊಂದೇ ಮಾತು. ಇದು ಹೇಗೆ ಹೊಳೆಯಿತೆಂದು ಕೇಳಿದ್ದಕ್ಕೆ ಮೇಷ್ಟ್ರು, “ದಾರಿ ತಪ್ದಾಗ ಮೊದ್ಲು ಷಡ್ಜಕ್ಕೆ ಬಾ ಅಂತ ಐವತ್ತು ವರ್ಷದಿಂದ ಹೇಳ್ತಾವ್ನಿ. ನೀನು ಯಾವತ್ತು ಬಂದಿದ್ದೆ ಹೇಳು?” ಎಂದರು.

ಕೋರಕ್ಕೆ ನಾನೇ ಜೊತೆಗೆ ಹೋದೆ. ಶಾಲೆಯ ಹಜಾರದಲ್ಲಿ ಸಂಜೆ ಅಭ್ಯಾಸ; ಪ್ಲೇಯರಿಗೆ ಒಂದು ಸ್ಪೀಕರು ಸಿಕ್ಕಿಸಿದ್ದರು. ರಾಜನ ಪಾತ್ರದವನು ಎರಡನೇ ಸಾಲಿಗೇ ಎಡವಿದ. ಮೇಷ್ಟ್ರ ಬಲಗೈ ಪೆಟ್ಟಿಗೆ ಬಿಡಲಿಲ್ಲ. ಎಡಗೈಯ ಹೆಬ್ಬೆರಳು ಆಡಿತು, ಅಷ್ಟೇ. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ, ನಲವತ್ತರ ಹರೆಯದ ಗಂಗಣ್ಣ ಮೇಷ್ಟ್ರ ಕಂಚಿನ ಕಂಠ ಹಜಾರದಲ್ಲಿ ಮೊಳಗಿತು, ಅದೇ ಹಾಡಿನಲ್ಲಿ. ಗುಸುಗುಸು ನಿಂತಿತು. ಯಾರೋ ಹಿಂದಿನಿಂದ, “ಅಯ್ಯೋ ಶಿವ್ನೇ, ಮೇಷ್ಟ್ರೇ ಹಾಡ್ದಂಗಾಯ್ತಲ್ಲೋ,” ಎಂದ. “ಮತ್ತಿನ್ಯಾರ್ಲಾ?” ಎಂದ ಇನ್ನೊಬ್ಬ. ಮೇಷ್ಟ್ರು ತಮ್ಮದೇ ದನಿಯನ್ನು ತಲೆ ಬಾಗಿಸಿ ಕೇಳುತ್ತಿದ್ದರು, ಗುರುವಿನ ಮುಂದೆ ಕೂತವರ ಹಾಗೆ. ಬೇರೆ ಮೇಷ್ಟ್ರ ಮಾತು ಆಮೇಲೆ ಕೋರದಲ್ಲಿ ಬರಲಿಲ್ಲ.

ರಾಣಿಯ ಪಾತ್ರದ ನಂಜೇಗೌಡ ಮಾತ್ರ ಹಾಡಿನ ಹತ್ತಿರ ಬಂದು ತಡವರಿಸಿದ. ಹಾಲಿನ ಡೈರಿಯ ಕಾರ್ಯದರ್ಶಿ, ಗಿರಿಜಾ ಮೀಸೆಯ ಆಳು. ಮೇಷ್ಟ್ರು ಹಾರ್ಮೋನಿಯಂನಲ್ಲೇ ಮಟ್ಟು ಹೇಳಿಕೊಟ್ಟರು. “ಮಟ್ಟು ಬಂತು. ಅಳು ಎಲ್ಲಿ ಬರಬೇಕು ಅಂತ ಪೆಟ್ಟಿಗೆ ಹೇಳಕಿಲ್ವಲ್ಲ,” ಎಂದು ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಹೇಳಿದರು. ನನ್ನನ್ನು ಬೈದದ್ದಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಎರಡು ವರ್ಷ ಆ ಹಾಡಿನ ಜಾಗ ಖಾಲಿಯೇ ಇತ್ತು. ಹೋದ ತಿಂಗಳು, ನಮ್ಮ ಕಚೇರಿಯಲ್ಲಿದ್ದ ಒಬ್ಬರು ಕುಣಿಗಲ್‌ನ ತಮ್ಮ ತಂಗಿ ಜಯಮ್ಮನಿಗೆ ಅದೇ ಪ್ಲೇಯರು ತಂದುಕೊಟ್ಟಿರುವುದಾಗಿ ಹೇಳಿದರು. ಆಕೆಗೂ ಕಣ್ಣಿಲ್ಲ, ಭಜನೆ ಹಾಡುವಾಕೆ. ಬಳಸುವ ಕ್ರಮ ಬರೆದುಕೊಡಿ ಎಂದರು. ನಾನು ಈ ಸಲ ಒಂದಕ್ಷರವನ್ನೂ ಬರೆಯದೆ, ಮೇಷ್ಟ್ರು ಬಾರಿಸಿ ವಿವರಿಸಿದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದೆ.

ಇಷ್ಟು ಹೇಳುವ ಹೊತ್ತಿಗೆ ವನಜಳ ಉಗುರು ಒಣಗಿತ್ತು, ಸರೋಜ ತಿಂಡಿಗೆ ಕರೆದಳು. ಮೇಷ್ಟ್ರ ಗುಂಡಿಯ ಗಂಟು ಸವೆದಿರಬೇಕು ಎನಿಸಿ, ಅರ್ಧ ಬಾಟಲಿ ಬಣ್ಣ ಇಸಿದುಕೊಂಡೆ.

ಬುಧವಾರ ಗುಬ್ಬಿಗೆ ಹೋದೆ. ಗಂಟು ಇಟ್ಟು ಆರಲು ಬಿಟ್ಟು ಕೂತಿದ್ದಾಗ ನನ್ನ ಫೋನಿಗೆ ಕುಣಿಗಲ್‌ನಿಂದ ದನಿ ಸಂದೇಶವೊಂದು ಬಂತು. “ಮೇಷ್ಟ್ರೇ, ನಮಸ್ಕಾರ. ನಾನು ಜಯಮ್ಮ. ಪಾಠ ಒಪ್ಪಿಸ್ತೀನಿ ಕೇಳಿ.” ಸ್ವರಗಳನ್ನು ಒಂದೂ ತಪ್ಪದೆ ಹಾಡಿದಳು. ಕೊನೆಗೆ ಒಂದು ಉದ್ದ ಮ ಬಂತು. ಮೇಷ್ಟ್ರು ಹುಬ್ಬೇರಿಸಿದರು. “ನೀವು ವರ್ಜ್ಯ ಅಂದ್ರಿ. ನನ್ನ ಮಿಷನ್ನಲ್ಲಿ ಕಳ್ಕಳಕ್ಕೆ ಏನೂ ಇರ್ಲಿಲ್ಲ, ಅದ್ಕೇ ಧೈರ್ಯ ಮಾಡ್ದೆ. ಗಿಡ್ಡಕೆ ಒತ್ತಿದ್ರೆ ಅಳ್ಸೋದು ನಿಜ. ನಾಲ್ಕೇಟು ಹಿಡಿದ್ರೆ ನಮ್ಮ ದನೀನ ಹಿಡ್ಕತದೆ. ಹಿಡ್ಕಂಡಿದ್ದು ಎಲ್ಲಕ್ಕಿಂತ ಕೊನೆ ಫೋಲ್ಡರಲ್ಲಿ ಕೂರ್ತದೆ. ಪಿಸಪಿಸ ಅಂದ್ರೂ ಸಾಕು, ಆಮೇಲೆ ಜೋರು ಮಾಡ್ಕಬಹುದು.”

ಮೇಷ್ಟ್ರು ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಪುಟ್ಟಮ್ಮನಿಗೆ ಬಾಗಿಲು ಹಾಕಲು ಹೇಳಿದರು. ಆಗತಾನೆ ಆರಿದ ಗಂಟಿನ ಮೇಲೆ ಹೆಬ್ಬೆರಳು ಇಟ್ಟು, ಕಾಲಿನಿಂದ ನಾಲ್ಕು ಏಟು ಹಾಕಿ, ಯಂತ್ರವನ್ನು ತುಟಿಯ ಹತ್ತಿರ ತಂದು, ರಾಣಿಯ ಹಾಡನ್ನು ಪಿಸುದನಿಯಲ್ಲಿ ಹಾಡಿದರು.

ಈಗ ಅದು ಆ ಯಂತ್ರದಲ್ಲಿದೆ. ದೂರವೇನಿಲ್ಲ. ಮೊದಲಿನ ಜಾಗದಿಂದ ಹಿಂದಕ್ಕೆ ಸರಿದರೆ ಕೊನೆಯ ಫೋಲ್ಡರೇ ಸಿಗುತ್ತದೆ, ಷಡ್ಜದಿಂದ ಹಿಂದಕ್ಕೆ ಒಂದೇ ಸ್ವರ: ಸಾ— ನಿ, ಪ, ಪ. ನಂಜೇಗೌಡ ಶುಕ್ರವಾರ ಕೋರದಿಂದ ಬಸ್ಸು ಹತ್ತಿ ಬಂದು, ಯಂತ್ರವನ್ನು ಕಿವಿಗಿಟ್ಟುಕೊಂಡು, ಮಧ್ಯಾಹ್ನದವರೆಗೆ ಕೂತಿದ್ದನಂತೆ.